ಮೀನಿನ ಕೊಳದಲ್ಲಿ ಗಂಡು ನೋಡಿದ್ದು

ಭಾನುವಾರ ಗಂಡಿನ ಕಡೆಯವರು ಬರಲೇ ಇಲ್ಲ. ಅಗ್ರಹಾರದ ಪುಟ್ಟಸ್ವಾಮಿಯವರ ಮನೆಯಲ್ಲಿ ಒಂದು ಬೋಗುಣಿ ಕೇಸರಿಬಾತು ಆರಿ ಗಟ್ಟಿಯಾಯಿತು. ಮೀನಿನ ಕೊಳದ ಪಂಪು ಕೆಟ್ಟಿದೆ, ಬಿಟ್ಟು ಬರೋಕಾಗಲ್ಲ ಅಂತ ಹುಡುಗ ಫೋನಿನಲ್ಲಿ ಹೇಳಿದನಂತೆ. ನಾವು ಮೀನಿಗಿಂತ ಕಡೆಯಾದೆವಾ ಎಂದು ಪುಟ್ಟಸ್ವಾಮಿ ರೇಗಿದರು. ನಾಳೆ ಸಂಜೆಗೆ ನಂಜನಗೂಡಿನ ಸಂಬಂಧಕ್ಕೆ ಹೂಂ ಅಂದುಬಿಡುತ್ತೇನೆ ಎಂದರು.

ಮಗಳು ವಾಣಿ ಲಷ್ಕರ್ ಮೊಹಲ್ಲಾದ ಕನ್ನಡಕದಂಗಡಿಯಲ್ಲಿ ಏಳು ವರ್ಷದಿಂದ ಜನರ ಕಣ್ಣು ನೋಡಿ ಪಳಗಿದವಳು. ಫೋಟೋದಲ್ಲಿ ಆ ಅಮರ್ ಎಂಬ ಹುಡುಗನ ಕಣ್ಣು ಅವಳಿಗೆ ಹಿಡಿಸಿತ್ತು. ಕನ್ನಡಕ ಮಾತ್ರ ಒಂದು ಕಡೆ ವಾಲಿತ್ತು. ಸೋಮವಾರ ಅರ್ಧ ದಿನ ರಜ ಹಾಕಿ, ಉಳಿದ ಕೇಸರಿಬಾತನ್ನು ಡಬ್ಬಿಗೆ ತುಂಬಿ, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಸ್ಕೂಟರ್ ಹತ್ತಿದಳು.

ಊರ ಹೊರಗಿನ ಮಂಡಕಳ್ಳಿ ದಾಟಿದರೆ ಬರೀ ಜಾಲಿ, ಬಿರಿದ ಕೆಮ್ಮಣ್ಣು. ಅಂಥ ಒಣ ನೆಲದ ನಡುವೆ ಬೇಲಿಯೊಳಗೆ ಒಂದು ಪುಟ್ಟ ಕೊಳ. ಈ ಸೀಮೆಯ ಮೀನುಗಳ ರಕ್ಷಣೆಗೆ ಎಂದು ಗೇಟಿನ ಮೇಲೆ ಬರೆದಿತ್ತು. ಮೊಣಕಾಲುದ್ದ ನೀರಲ್ಲಿ ನಿಂತು ಪಂಪಿನ ಪೈಪು ಕಟ್ಟುತ್ತಿದ್ದವನೇ ಅಮರ್.

ಕೊಳ ನೋಡಲು ಬಂದ ಯಾರೋ ಇರಬೇಕೆಂದುಕೊಂಡ ಅವನು, ಮೀನಿಗೆ ಪುರಿ, ಬಿಸ್ಕತ್ತು ಏನೂ ಹಾಕಬಾರದು ಎಂದು ಮೊದಲೇ ಹೇಳಿದ. ಆಮೇಲೆ ಗೆಂಡೆ ಮೀನಿನ ಮರಿಗಳನ್ನು ತೋರಿಸಿದ. ಹೊರಗಿಂದ ತಂದು ಬಿಟ್ಟ ದೊಡ್ಡ ಮೀನುಗಳು ಸುತ್ತಲ ಕೆರೆಗಳಲ್ಲಿ ಇವನ್ನು ತಿಂದು ಮುಗಿಸಿದ್ದವಂತೆ. ಹೇಳುವಾಗ ಅವನ ದನಿ ತೊಟ್ಟಿಲ ಹತ್ತಿರ ಮಾತಾಡುವವರ ದನಿಯಂತೆ ತಗ್ಗಿತು. ವಾಣಿ ಮೀನು ನೋಡುವುದು ಬಿಟ್ಟು ಅವನನ್ನೇ ನೋಡಿದಳು.

"ಭಾನುವಾರಾನೂ ರಜ ಇಲ್ವೇನ್ರೀ ನಿಮ್ಗೆ?"

"ನಿನ್ನೆ ಹೆಣ್ಣು ನೋಡೋಕೆ ಹೋಗ್ಬೇಕಿತ್ತು ಕಣ್ರೀ. ಹೋಗಿದ್ರೆ ಇವು ಸಾಯ್ತಿದ್ವು." ಪೈಪಿನ ಗಂಟನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದ. "ಆ ಹುಡುಗಿ ಫೋಟೋ ಇನ್ನೂ ಜೇಬಲ್ಲೇ ಇದೆ. ವಾಪಸ್ ಕೊಡೋಕೆ ಮನಸ್ಸಾಗ್ತಿಲ್ಲ."

ದುಪಟ್ಟಾದೊಳಗೆ ವಾಣಿಯ ಕೆನ್ನೆ ಬಿಸಿಯಾಯಿತು.

"ಕನ್ನಡಕ ಕೊಡಿ ಇಲ್ಲಿ," ಎಂದಳು.

ತಬ್ಬಿಬ್ಬಾಗಿ ಕೊಟ್ಟ. ಅವಳು ಗಾಜು ಒರೆಸಿ, ಸೊಟ್ಟ ಕಡ್ಡಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಬಾಗಿಸಿ ಸರಿಮಾಡಿದಳು. ದುಪಟ್ಟಾ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಅವನ ಕಿವಿಗೆ ತಾನೇ ಕನ್ನಡಕ ಏರಿಸಿದಳು.

ಅವನು ನೋಡಿದ. ಕೈಯಲ್ಲಿದ್ದ ಪೈಪು ಜಾರಿ ನೀರಿಗೆ ಬಿತ್ತು, ಮರಿಗಳು ಚದುರಿದವು.

ವಾಣಿ ಡಬ್ಬಿ ತೆರೆದಳು. "ಇದು ಮೀನಿಗಲ್ಲ."

ನೀರಲ್ಲಿ ನಿಂತೇ ಅವನು ನಿನ್ನೆಯ ಕೇಸರಿಬಾತು ತಿಂದ, ಡಬ್ಬಿಯ ತಳ ಕಾಣುವ ತನಕ. ಕೊನೆಗೆ ಧೈರ್ಯ ಮಾಡಿ, ಏನಂತೀರಿ ಎಂದು ಕೇಳಿದ.

"ಗಂಡು ನೋಡಿದ್ದಾಯ್ತು. ಮನೆಗೆ ಹೋಗಿ ತಿಳಿಸ್ತೀವಿ," ಎಂದಳು ವಾಣಿ, ಗಂಡಿನ ಕಡೆಯ ಹಿರಿಯರ ಗತ್ತಿನಲ್ಲೇ.

ಅವನ ಮುಖ ಬಾಡಿತು. ಹಿಂದೆ ಹಿಂದೆಯೇ ಗೇಟಿನವರೆಗೂ ನೀರು ತೊಟ್ಟಿಕ್ಕಿಸುತ್ತ ಬಂದ. ವಾಣಿ ಸ್ಕೂಟರಿಗೆ ಒರಗಿ, ಅವನ ಮೇಲಿಂದ ಕಣ್ಣು ತೆಗೆಯದೆ ಫೋನು ಮಾಡಿದಳು.

"ಅಪ್ಪ, ನಂಜನಗೂಡಿನೋರ್ಗೆ ಬೇಡ ಅಂದ್ಬುಡಿ. ಬರೋ ಭಾನುವಾರ ನಾವೇ ಇಲ್ಲಿಗೆ ಬರೋಣ. ಈ ಪಂಪನ್ನ ನಂಬೋಕಾಗಲ್ಲ. ಹುಡುಗನ್ನ ನಂಬ್‌ಬೋದು."