ಗಾಜು ಕಾಣದ ಬೆರಳು

ಅವನು ಮುಟ್ಟಿದ. ಪರದೆ ಕದಲಲಿಲ್ಲ.

ಮತ್ತೆ ಮುಟ್ಟಿದ... ಊಹೂಂ!

ಕೃತ್ತಿಕಾ ಟ್ಯಾಬ್ಲೆಟ್ ಇಸಿದುಕೊಂಡು ತಾನೇ ಒತ್ತಿದಳು. ಪುಟ ತಟಕ್ಕನೆ ತೆರೆಯಿತು.

"ನನ್ನ ಕಂಡ್ರೆ ಇದಕ್ಕೆ ಆಗಲ್ಲ ಮೇಡಂ," ಎಂದು ನಕ್ಕ ಅವನು. ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ. ಇಸಿದುಕೊಳ್ಳುವಾಗ ತಾಗಿದ ಆ ಬೆರಳು ಎಷ್ಟು ತಣ್ಣಗಿತ್ತು! ತುದಿಗೆ ಬೂದಿ ಮೆತ್ತಿತ್ತು.

ಅವನ ಹೆಸರು ಮಣಿಕಂಠನ್.

ನೆಗಮಂ ಊರಿನ ನೇಕಾರರ ಸಂಘ ರಾಮಾಯಿ ಅಜ್ಜಿಯ ಮನೆಯಲ್ಲಿ ಹೊಸ ಟ್ಯಾಬ್ಲೆಟ್ ಇರಿಸಿತ್ತು. ಅದಕ್ಕೆ ವೆಬ್ ಪುಟ ಮಾಡಿದವಳು ಕೃತ್ತಿಕಾ. ನೇಕಾರರು ದಿನಕ್ಕೊಮ್ಮೆ ತಮ್ಮ ಹೆಸರನ್ನು ತಾವೇ ಮುಟ್ಟಿ, ಮಗ್ಗ ನಡೆಯುತ್ತಿದೆ ಎಂದು ತಿಳಿಸಬೇಕು. ಮೂರು ದಿನ ಮುಟ್ಟದಿದ್ದರೆ ಆ ಮಗ್ಗ ನಿಂತಿತೆಂದು ಪುಟವೇ ಹೆಸರು ಅಳಿಸುತ್ತದೆ. ತುಡಿಯಲೂರಿನ ಮನೆಯಲ್ಲಿ ಕೂತು ಆ ನಿಯಮ ಬರೆದವಳೂ ಅವಳೇ. ಊರವರ ಕೈಯಲ್ಲಿ ಅದು ಹೇಗೆ ನಡೆಯುತ್ತದೆಂದು ನೋಡಲು ದಿನವೂ ಬಸ್ಸು ಹತ್ತಿ ಬರುತ್ತಿದ್ದಳು.

ಮೊದಲ ದಿನ ಆ ಯಂತ್ರದ ಮೇಲೆ ಅವಳಿಗೆ ಮೋಹವೇ ಹುಟ್ಟಿತ್ತು. ಸ್ಲೇಟಿನಷ್ಟು ಹಗುರ. ಅಂಗಳದ ಬಿಸಿಲಿನಲ್ಲೂ ಸೀರೆಯಂಚಿನ ಒಂದೊಂದು ಎಳೆಯನ್ನು ಎಣಿಸಬಹುದಿತ್ತು. ರಾಮಾಯಿ ಅಜ್ಜಿ ಅಕ್ಕಿ ತೊಳೆದ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದು ಮುಟ್ಟಿದಾಗಲೂ ಪುಟ ಓಡಿತ್ತು. ಗೋಡೆಯಿಂದ ಬಿದ್ದ ಹಲ್ಲಿಯೊಂದು ಗಾಜಿನ ಮೇಲೆ ಸರಿದಾಗ, ಅದರ ಕಾಲಿಗೂ ಪುಟ ತೆರೆದಿತ್ತು!

'ಹಲ್ಲಿ ಕಾಣುತ್ತದೆ... ಇವನು ಯಾಕೆ ಕಾಣುವುದಿಲ್ಲ?'

ಮಣಿಕಂಠನ್ ಮೂರು ದಿನವೂ ಬಂದ. ಬೀದಿಯೆಲ್ಲ ಉಂಡು ಮಲಗುವ ಮಧ್ಯಾಹ್ನದಲ್ಲೇ, ಹಿತ್ತಲ ಬಾಗಿಲಿನಿಂದ, ಹೆಜ್ಜೆಯ ಸಪ್ಪಳವಿಲ್ಲದೆ. ಹತ್ತು ಬೆರಳನ್ನೂ ಒತ್ತಿ ನೋಡುತ್ತಿದ್ದ.

"ಕಾಲ್ಬೆರಳು ಒಂದು ಬಾಕಿ. ತೋರಿಸ್ಲಾ?"

"ಅಯ್ಯೋ, ಬೇಡ!"

ಅವಳು ನಗುತ್ತಿದ್ದಳು. ಬಸ್ಸಿನಲ್ಲಿ ನೆನೆದು ಮತ್ತೊಮ್ಮೆ ನಗುತ್ತಿದ್ದಳು. ತುಡಿಯಲೂರಿನಲ್ಲಿ ಇಳಿಯುವಷ್ಟರಲ್ಲಿ ಆ ನಗು ಎದೆಯಲ್ಲಿ ಭಾರವಾಗುತ್ತಿತ್ತು. ನಾಳೆಯೂ ಅವನು ಬರಬೇಕು... ಬಂದೇ ಬರಬೇಕು.

ಆದರೆ ಅವನೊಡನೆ ಬೇರೆ ಯಾರೂ ಮಾತಾಡಿದ್ದನ್ನು ಅವಳು ಇನ್ನೂ ಕಂಡಿರಲಿಲ್ಲ.

ನಾಲ್ಕನೆಯ ದಿನ ಆಡಿ ತಿಂಗಳ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಅಮಾವಾಸ್ಯೆಯಂದು ಆ ಬೀದಿಯಲ್ಲಿ ಯಾರೂ ಮಗ್ಗಕ್ಕೆ ಇಳಿಯುವುದಿಲ್ಲ. ಕೃತ್ತಿಕಾ ಬಸ್ಸಿಳಿದಾಗ ಊರೇ ಉಸಿರು ಹಿಡಿದು ಕೂತಂತಿತ್ತು. ಟ್ಯಾಬ್ಲೆಟ್ ತೆರೆದಳು. ಮಣಿಕಂಠನ್ ಹೆಸರು ಇರಲಿಲ್ಲ.

ಒಳಗೆ ಅಜ್ಜಿ ಒಂದು ಪಟದ ಮುಂದೆ ಎಲೆ ಹಾಕಿ ಅನ್ನ ಬಡಿಸುತ್ತಿದ್ದಳು. ಪಟಕ್ಕೆ ಹೂವಿನ ಹಾರ. ಹಾರದ ನಡುವೆ... ಅದೇ ಮುಖ! ಎಡಗೆನ್ನೆಯಲ್ಲಿ ಅದೇ ಗುಳಿ!

"ಅಜ್ಜಿ... ಇವರು?"

"ಹೋಗಿ ಇಪ್ಪತ್ತು ವರ್ಷ ಆಯ್ತು ಅಮ್ಮಿಣಿ. ಮಗ್ಗದ ಗುಳೀಲಿ ಕೂತೋನು ಕೂತಂಗೇ ಹೋಗ್ಬಿಟ್ಟ. ನೋಡು, ಇವತ್ತು ಕಾಗೆ ಕೂಡ ಅನ್ನ ಮುಟ್ಟಿಲ್ಲ..."

ತಣ್ಣನೆಯ ಬೆರಳು... ಬೂದಿ... ಸಪ್ಪಳವಿಲ್ಲದ ಹೆಜ್ಜೆ. ಪುಟಕ್ಕೆ ಹೆಸರು ತುಂಬಿಸಲು ಸಂಘ ಕೊಟ್ಟ ಹಳೆಯ ಪಟ್ಟಿಯಲ್ಲಿ ಸತ್ತವರ ಹೆಸರುಗಳೂ ಇದ್ದವಲ್ಲ!

ಆಗ ಕೇಳಿಸಿತು. ಟಕ್... ಟಕ್...

ಹಿತ್ತಲಿನ ಮಗ್ಗದ ಕೊಟ್ಟಿಗೆಯಿಂದ. ಅಮಾವಾಸ್ಯೆಯ ನಡುಮಧ್ಯಾಹ್ನ!

ಓಡಿಹೋಗಬೇಕಿತ್ತು. ಕಾಲುಗಳು ಸದ್ದಿನ ಕಡೆಗೇ ನಡೆದವು. ಮಬ್ಬುಗತ್ತಲೆಯಲ್ಲಿ ಅವನಿದ್ದ. ಸೊಂಟದಿಂದ ಕೆಳಗೆ ನೆಲದೊಳಗೆ, ಮೇಲೆ ಅರ್ಧ ದೇಹ ಮಾತ್ರ. ಗುಳಿಮಗ್ಗದಲ್ಲಿ ಎಲ್ಲರೂ ಹಾಗೇ ಕೂರುವುದೆಂದು ನೆನಪಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ನೀವು... ನಿಜವಾಗ್ಲೂ ಇದ್ದೀರಾ?"

ಲಾಳಿ ನಿಂತಿತು.

"ನೀವೂ ಹಾಗೇ ಕೇಳ್ತೀರಾ ಮೇಡಂ? ಹೆಸರು ಅಳಿಸಿದ್ದು ಸಾಲ್ದಾ?" ಅವನು ಹಾಸಿನ ಮೇಲೆ ಕೈಯಿಟ್ಟ. "ನನ್ನ ಮಗ್ಗ ನಿಂತಿಲ್ಲ. ಅದನ್ನ ತೋರಿಸೋಕೇ ಇವತ್ತು ಇಳಿದೆ. ಅಜ್ಜಿಗೆ ಗೊತ್ತಾದ್ರೆ ಪೊರಕೆ ಹಿಡೀತಾಳೆ."

"ಅಜ್ಜಿ? ರಾಮಾಯಿ ಅಜ್ಜಿ ನಿಮ್ಮ... ಹಾಗಾದ್ರೆ ಆ ಪಟ?"

"ನಮ್ಮಪ್ಪ ಕುಪ್ಪಸಾಮಿ. ಇಪ್ಪತ್ತೆಂಟಕ್ಕೇ ಹೋದರು. ಈ ಆಡಿಗೆ ನನಗೂ ಇಪ್ಪತ್ತೆಂಟು." ಅವನು ತಲೆ ತಗ್ಗಿಸಿದ. "ಆ ಗಾಜು ನನ್ನ ಕಾಣದಾಗ ನಕ್ಕೆ. ಮನೇಲಿ ನಿದ್ದೆ ಬರ್ಲಿಲ್ಲ. ನನ್ನ ಸರದೀನೂ ಬಂತಾ ಅಂತ... ಅದಕ್ಕೇ ನಿಮ್ಮ ಹತ್ರ ಹೇಳಬೇಕಾದ್ದನ್ನೂ ಹೇಳ್ಲಿಲ್ಲ."

"ಏನು ಹೇಳಬೇಕಿತ್ತು?"

"ನಿಮಗೆ ಗೊತ್ತು."

ಗೊತ್ತಿತ್ತು! ಅವಳ ಕಣ್ಣು ತುಂಬಿ ಹರಿಯಿತು. ಅವನು ಗುಳಿಯಿಂದ ಮೇಲೆ ಬಂದು, ಬೆರಳಿನಿಂದ ಅವಳ ಕೆನ್ನೆ ಒರೆಸಿದ. ಅವಳ ಕೈಯಿಂದ ಜಾರುತ್ತಿದ್ದ ಟ್ಯಾಬ್ಲೆಟ್ಟನ್ನು ಅದೇ ಒದ್ದೆ ಕೈಯಿಂದ ಹಿಡಿದ.

ಪುಟ ಓಡಿತು!

ಇಬ್ಬರೂ ಬೆಚ್ಚಿದರು. ಕೃತ್ತಿಕಾ ಅವನ ಕೈ ಹಿಡಿದು ತಿರುಗಿಸಿ ನೋಡಿದಳು. ಹುಣಸೆಬೀಜದಂತೆ ಗಟ್ಟಿಯಾದ ತುದಿಗಳು.

"ಈ ಬೂದಿ?"

"ಬೀದೀಲಿ ಯಾರ ಮಗ್ಗಕ್ಕೆ ಹೊಸ ಹಾಸುನೂಲು ಬಂದ್ರೂ ಹಳೇ ಎಳೆಗೆ ಹೊಸ ಎಳೆ ಹೊಸೆದು ಸೇರಿಸೋನು ನಾನು. ಸಾವಿರಾರು ಎಳೆ. ಬೂದಿ ಇಲ್ದಿದ್ರೆ ಜಾರುತ್ತೆ. ಅವರೆಲ್ಲ ಮಲಗಿದಾಗ್ಲೇ ನನಗೆ ಬಿಡುವು."

"ಒಣ ಬೆರಳು ಗಾಜಿಗೆ ತಿಳಿಯಲ್ಲ... ಆಫೀಸಿನ ಮೆತ್ತನೆ ಬೆರಳುಗಳನ್ನ ನಂಬಿ ನಿಯಮ ಬರೆದೆ. ತಪ್ಪು ನನ್ನದು ಮಣಿಕಂಠನ್." ಅಲ್ಲೇ ಕೂತು ಅವನ ಹೆಸರನ್ನು ಮತ್ತೆ ಸೇರಿಸಿದಳು. 'ಮಗ್ಗ ನಡೆಯುತ್ತಿದೆಯೇ?' ಎಂದು ಪರದೆ ಕೇಳಿತು. ಒದ್ದೆ ಬೆರಳು 'ಹೌದು' ಒತ್ತಿತು.

"ಯಾವನೋ ಅದು ಅಮಾಸೆ ದಿನ ಮಗ್ಗ ಹೊಡೆದೋನು?" ಅಜ್ಜಿಯ ಕೂಗು ಕೇಳಿತು. ಅದರ ಹಿಂದೆಯೇ ಸೂರಿನ ಮೇಲೆ ಕಾಗೆಯೊಂದು ಕೂಗಿ, ಅನ್ನದ ಕಡೆಗೆ ಹಾರಿತು.

ಮಣಿಕಂಠನ್ ಆ ಕಡೆಗೆ ನೋಡಿ ಕೈಮುಗಿದ.

"ಆಡೀಲಿ ಇಂಥ ಮಾತು ಆಡಬಾರದು ಕೃತ್ತಿಕಾ. ಮುಂದಿನ ತಿಂಗಳು ಆವಣೀಲಿ ನಿಮ್ಮ ಮನೆಗೆ ಬಂದು ಕೇಳ್ಲಾ?"

"ಬನ್ನಿ." ಅವನ ತಣ್ಣನೆಯ ಬೆರಳುಗಳನ್ನು ಅವಳು ಮತ್ತೆ ಹಿಡಿದುಕೊಂಡಳು. "ಅಲ್ಲೀವರೆಗೆ ದಿನಾ ಬೆರಳು ಒದ್ದೆ ಮಾಡ್ಕೊಂಡು ಮುಟ್ಟಿ. ತುಡಿಯಲೂರಲ್ಲಿ ಕೂತು ನೋಡ್ತಾ ಇರ್ತೀನಿ... ನೀವು ಇದ್ದೀರಾ ಅಂತ."

"ಇರ್ತೀನಿ," ಎಂದ ಅವನು.