ಮಣಿಕಟ್ಟು ಹಿಡಿದವನು

“ಚಾಕು ಇಟ್ಕೊಂಡು ಆ ಆಟ ಬೇಡಿ ಅಳಿಯಂದಿರೇ. ಈ ಮನೇಲಂತೂ ಬೇಡವೇ ಬೇಡ,” ಎಂದಳು ಅತ್ತೆ.

ಅಳಿಯ ನಕ್ಕ. ಶಾಲೆಯಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು. ನಗುವಾಗಲೂ ಪಾಠ ಒಪ್ಪಿಸಿಕೊಳ್ಳುವ ಗತ್ತು. ಮುನಿಸಿಕೊಂಡು ತವರು ಸೇರಿ ಮೂರು ತಿಂಗಳಾಗಿದ್ದ ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ. ಬೆಳಗಿನಿಂದ ಬುದ್ಧಿ ಹೇಳಿ ಹೇಳಿ ಅವನ ಗಂಟಲೇ ಒಣಗಿತ್ತು. ಅವಳದು ಒಂದೇ ಮಾತು: “ಆರು ವರ್ಷದಲ್ಲಿ ಒಂದು ಸಲವೂ ನನ್ನ ಮನಸ್ಸಲ್ಲೇನಿದೆ ಅಂತ ನಿಮಗೆ ಗೊತ್ತಾಗಲಿಲ್ಲ. ಇವತ್ತು ಓದಿ ತೋರಿಸಿ. ಈಗಲೇ ಪೆಟ್ಟಿಗೆ ತಗೊಂಡು ಹೊರಡ್ತೀನಿ.”

ಇಷ್ಟೇ ತಾನೇ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮನಸ್ಸು ಓದುವ ಆಟ ಆಡಿ, ಆಮೇಲೆ ಗುಟ್ಟು ಬಿಚ್ಚಿ, ಎರಡಕ್ಕೂ ಚಪ್ಪಾಳೆ ಗಿಟ್ಟಿಸಿದವನು ಅವನು. ಓದುವವನು ಕೋಣೆಯ ಹೊರಗೆ ಹೋಗಬೇಕು. ಒಳಗೆ ಒಬ್ಬರು ಇನ್ನೊಬ್ಬರನ್ನು ಸುಳ್ಳುಸುಳ್ಳೇ ಇರಿದು ಚಾಕು ಬಚ್ಚಿಡಬೇಕು. ಅವನು ಕಣ್ಣು ಕಟ್ಟಿಸಿಕೊಂಡು ಬಂದು, ಇರಿದವರ ಮಣಿಕಟ್ಟು ಹಿಡಿದು, ಮೊದಲು ಚಾಕು, ಆಮೇಲೆ ಗಾಯದ ಜಾಗ ಹುಡುಕಬೇಕು.

“ಮನಸ್ಸೂ ಇಲ್ಲ, ಮಣ್ಣೂ ಇಲ್ಲ ಅತ್ತೆ. ಮೈ ಚಾಡಿ ಹೇಳುತ್ತೆ. ಜಾಗ ಹತ್ರ ಬಂದ್ರೆ ಕೈ ತಾನಾಗೇ ಎಳೆಯುತ್ತೆ.”

“ನಮ್ಮ ಮಾವ ಪಾಲುದಾರನ್ನ ಇದೇ ಕೋಣೇಲಿ ಕೊಂದಿದ್ರು. ‘ಅಂಥ ಯೋಚನೆ ನನ್ನ ಮನಸ್ಸಿಗೇ ಬಂದಿಲ್ಲ’ ಅಂತ ಹೇಳಿ ಪಾರಾದ್ರು. ಸತ್ತವನ ತಾಯಿ ಮಾಟ ಮಾಡಿಸಿ ಹೊಸ್ತಿಲ ಕೆಳಗೆ ಹೂಳಿಸಿದ್ಲು. ಈ ಮನೇಲಿ ಮನಸ್ಸಲ್ಲಿ ಬಚ್ಚಿಟ್ಟ ಕೊಲೆ ಕೈಗೆ ಬರಲಿ ಅಂತ. ನನ್ನ ಮೈದುನ ಈ ಆಟ ಆಡ್ತಾನೇ ನಮ್ಮೆಜಮಾನ್ರ ಕಣ್ಣು ಕಿತ್ತದ್ದು. ಸಾಯೋವರೆಗೂ ಒಂದೇ ಕಣ್ಣಲ್ಲಿ ಪುಸ್ತಕ ಹೊಲಿದ್ರು ಅವರು.”

“ಔಷಧಿಗೆ ವಾಯಿದೆ ಮುಗಿಯೋ ಹಾಗೆ ಮಾಟಕ್ಕೂ ಮುಗಿಯುತ್ತೆ ಬಿಡಿ.”

ಈಗ ಪುಸ್ತಕ ಕಟ್ಟುವ ಕೆಲಸ ನೋಡಿಕೊಳ್ಳುವ ಭಾಮೈದ ಎದ್ದು ನಿಂತ. “ಇರಿತ ತಿನ್ನೋಕೆ ನಾನಿದೀನಿ ಭಾವ. ಅಕ್ಕ ಹೊಟ್ಟೆ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಇರೀಲಿ, ಈಗಷ್ಟೇ ಊಟ ಆಗಿದೆ.”

ಮಧ್ಯಾಹ್ನದ ಕೋಣೆಯಲ್ಲಿ ಅಂಟಿನ ಹುಳಿವಾಸನೆ, ನೆನೆದ ಚರ್ಮದ ಮುಗ್ಗಲು. ಕಣ್ಣಿಗೆ ಬಿಗಿದ ಟವೆಲ್ಲಿಗೂ ಅದೇ ನಾತ. ಕತ್ತಲೆಯಲ್ಲಿ ಅವನು ಎಡಗೈಯಿಂದ ಹೆಂಡತಿಯ ಮಣಿಕಟ್ಟು ಹಿಡಿದ. ಎಷ್ಟೋ ತಿಂಗಳ ಮೇಲೆ ಮುಟ್ಟಿದ್ದ. ತಣ್ಣಗಿತ್ತು.

ಚಾಕು ಸಲೀಸಾಗಿ ಸಿಕ್ಕಿತು: ಹೊಲಿಯದ ಹಾಳೆಗಳ ಅಟ್ಟಿಯ ಕೆಳಗೆ. ಚರ್ಮ ಹೆರೆಯುವ ಅಗಲ ಬಾಯಿಯ ಚಾಕು. ಬಲಗೈಗೆ ತೆಗೆದುಕೊಂಡ.

“ಅರ್ಧ ಪಾಸು,” ಎಂದ ಭಾಮೈದ, ಬಲಗಡೆಯಿಂದ.

ಅವನು ಬಲಕ್ಕೆ ಹೆಜ್ಜೆ ಇಟ್ಟ. ಅವಳ ಕೈ ಎಳೆಯಲಿಲ್ಲ. ಎಡಕ್ಕೆ ಇಟ್ಟ. ಎಳೆಯಲಿಲ್ಲ. ನಿಂತ.

ಆಗ ಎಳೆಯಿತು. ಅವನ ಕಡೆಗೇ.

ಚಾಕು ಹಿಡಿದ ಅವನ ಬಲಗೈ ಮೇಲೆದ್ದಿತು. ಅವನು ಎತ್ತಿರಲಿಲ್ಲ.

“ಬಿಡು,” ಎಂದ.

“ಹಿಡಿದಿರೋದು ನೀವು,” ಎಂದಳು.

ನಿಜ. ಬಿಡಲು ನೋಡಿದ. ಮಣಿಕಟ್ಟು ಹಿಡಿದ ಬೆರಳು ಬಿಚ್ಚಲಿಲ್ಲ. ಅಲಗು ಕೆನ್ನೆಗೆ ತಾಗಿತು. ಚರ್ಮ ಬಿರಿಯಿತು. ಕಿವಿಯ ಹಾಲೆ ಹೋಯಿತು. ಬಿಸಿ ನೆತ್ತರು ಕೊರಳಿಗಿಳಿಯಿತು. ಅಲಗೂ ಅದರ ಹಿಂದೆಯೇ ಇಳಿಯಿತು. ಭಾಮೈದ ಹಾರಿ ಅಲಗನ್ನೇ ಹಿಡಿದ. ಅಂಗೈ ಸೀಳಿಹೋಯಿತು. ಕೂಗಿ ಕುಸಿದ. ಅಲಗು ಗಂಟಲಿಗೆ ಬಂತು. ಒತ್ತಿತು. ಉಸಿರು ಬಾಯಿಗೆ ಬರದೆ ಗಾಯದಲ್ಲೇ ಗುಳಗುಳ ಎಂದಿತು.

ಅತ್ತೆ ಪುಸ್ತಕದ ಬೆನ್ನು ಬಡಿಯುವ ಕೊಡತಿ ಎತ್ತಿಕೊಂಡಳು. ಇಬ್ಬರ ಕೈಯನ್ನೂ ಮೇಜಿಗೆ ಅದುಮಿ, ಮಗಳ ಮಣಿಕಟ್ಟು ಹಿಡಿದ ಅಳಿಯನ ಬೆರಳುಗಳ ಮೇಲೆ ಬಡಿದಳು. ಒಂದು. ಎರಡು. ಮೂರನೆಯದಕ್ಕೆ ಮೂಳೆ ಲಟಲಟ ಮುರಿದು ಹಿಡಿತ ಸಡಿಲಿತು. ಬಲಗೈಯ ಚಾಕು ನೆಲಕ್ಕೆ ಬಿತ್ತು.

ಟವೆಲ್ಲು ಜಾರಿ ಬೆಳಕು ಕಂಡಿತು. ಅತ್ತೆ ಅದನ್ನೇ ಅವನ ಕೊರಳಿಗೆ ಒತ್ತಿ ಹಿಡಿದಿದ್ದಳು. ಬದುಕಿದ್ದ. ಎಡಗೈ ಜಜ್ಜಿದ ಮಾಂಸವಾಗಿತ್ತು. ಹೆಂಡತಿಯ ಮಣಿಕಟ್ಟೂ ಮುರಿದು ಜೋತಾಡುತ್ತಿತ್ತು.

“ಅಷ್ಟು ದ್ವೇಷ ಇತ್ತೇನೇ?” ಎಂದಳು ಅತ್ತೆ, ಮಗಳ ಮುಖ ನೋಡಲಾರದೆ.

ಅವಳು ಒಳಗೆ ಹೋದಳು. ಬಂದಾಗ ಎಡಗೈಯಲ್ಲಿ ಪೆಟ್ಟಿಗೆ ಇತ್ತು. ಗಂಡನ ಎದುರು ನಿಂತಳು.

“ಸರಿಯಾಗಿ ಓದಿದ್ರಿ,” ಎಂದಳು. “ಆಸ್ಪತ್ರೆ ಮುಗಿಸ್ಕೊಂಡು ಮನೆಗೆ ಹೋಗೋಣ, ನಡೀರಿ. ಆಡಿದ ಮಾತಿಗೆ ತಪ್ಪೋಳಲ್ಲ ನಾನು.”