ಡಬ್ಬಿಯ ಮುಚ್ಚಳಕ್ಕೆ ಅಂಟಿದ್ದು

"ಆ ಡಬ್ಬಿ ಕೆಳಗಿಡಿ!"

ಅವಳ ದನಿಗೆ ಅವನು ಬೆಚ್ಚಿಬಿದ್ದ. ಅವಳು ಊಟಕ್ಕೆ ಹೋಗಿದ್ದ ಹೊತ್ತು ನೋಡಿ, ಮೀನು ಕಾರ್ಖಾನೆಯಲ್ಲಿ ಅವಳು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಹಬೆಯಂತ್ರದ ಮೇಸ್ತ್ರಿಗೆ ಏನು ಕೆಲಸ?

"ಸುಮ್ನೆ ನೋಡ್ತಿದ್ದೆ ಮೇಡಂ…"

"ಸುಮ್ನೆ ನೋಡೋರು ಜೇಬಿಗೆ ಹಾಕ್ಕೊಳ್ಳೋಕೆ ಹೋಗ್ತಾರಾ?"

ಅವನು ಥಟ್ಟನೆ ಜೇಬು ಮುಟ್ಟಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ! ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೊರಟುಹೋದ.

ಒಂದು ತಿಂಗಳಿಂದ ಅವಳಿಗೆ ಒಂದೇ ತಲೆನೋವು. ತಿನ್ನುವವರ ಕೊಲೆಸ್ಟ್ರಾಲ್ ತಗ್ಗಲೆಂದು ಗಿಡಗಳಿಂದ ತೆಗೆದ ಸ್ಟೆರಾಲ್ ಎಂಬ ವಸ್ತುವನ್ನು ಎಣ್ಣೆಗೆ ಬೆರೆಸಿ, ಮೀನಿನ ಜೊತೆ ಡಬ್ಬಿಯಲ್ಲಿ ಮುಚ್ಚಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಬೇಯುವ ಮೊದಲು ಅಳೆದರೆ ಸ್ಟೆರಾಲಿನ ಲೆಕ್ಕ ಸರಿ. ಬೆಂದು ಬಂದರೆ ಕಾಲು ಭಾಗ ಮಾಯ!

'ಈ ಮೇಸ್ತ್ರಿ ಬೇಗ ಮುಗಿಸೋಕೆ ಶಾಖ ಜಾಸ್ತಿ ಮಾಡಿ ಅದನ್ನ ಸುಟ್ಟುಹಾಕ್ತಿದ್ದಾನೆ…'

ಆದರೆ ಯಂತ್ರ ಕಾಗದದ ಮೇಲೆ ಬರೆಯುವ ಶಾಖದ ಗೆರೆಯಲ್ಲಿ ಒಂದಿಷ್ಟೂ ಡೊಂಕಿರಲಿಲ್ಲ. ಅದೇ ಅವಳ ಸಂಶಯವನ್ನು ಹೆಚ್ಚಿಸಿತು. ಇಷ್ಟು ನೇರ ಗೆರೆ ಯಾರ ಬದುಕಿನಲ್ಲಿದೆ?

ಎದುರಾದಾಗಲೆಲ್ಲ ಅವನು ಏನೋ ಹೇಳಲು ಬಾಯಿ ತೆರೆದು, ಸುತ್ತ ಜನರನ್ನು ಕಂಡು ಸುಮ್ಮನಾಗುತ್ತಿದ್ದ. ಅವಳನ್ನು ಕಂಡಾಗ ಅರಳುವ ಆ ಕಣ್ಣುಗಳು ಮೋಸಗಾರನವು ಅನ್ನಿಸುತ್ತಿರಲಿಲ್ಲ.

'ಅನ್ನಿಸದೇ ಇದ್ರೆ ತಾನೆ ಮೋಸ ಮಾಡೋಕಾಗೋದು!' ಎಂದು ತನ್ನ ಮನಸ್ಸನ್ನೇ ಗದರಿಕೊಂಡಳು.

ಮ್ಯಾನೇಜರಿಗೆ ಹೇಳಿಯೇಬಿಟ್ಟಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮನುಷ್ಯ. ಅಂದೇ ಮೇಸ್ತ್ರಿಯನ್ನು ರಟ್ಟಿನ ಪೆಟ್ಟಿಗೆ ಅಂಟಿಸುವ ಕೋಣೆಗೆ ದಬ್ಬಿದ.

ಮರುದಿನ ಬೇರೊಬ್ಬ ಯಂತ್ರ ನಡೆಸಿದ. ಅವಳೇ ಪಕ್ಕದಲ್ಲಿ ನಿಂತು ಶಾಖ ನೋಡಿಕೊಂಡಳು. ಪರೀಕ್ಷೆ ಮಾಡಿದರೆ… ಅದೇ ಕಾಲು ಭಾಗ ಮಾಯ!

ಹಾಗಾದರೆ ತಪ್ಪು ಮೇಸ್ತ್ರಿಯದಲ್ಲ!

ಪೆಟ್ಟಿಗೆ ಅಂಟಿಸುವ ಕೋಣೆಗೆ ಓಡಿದಳು. ಅವನು ಪೆಟ್ಟಿಗೆಗಳ ನಡುವೆ ಕೂತಿದ್ದ.

"ಅವತ್ತು ನನ್ನ ಮೇಜಿನ ಹತ್ರ ಏನ್ ಹುಡುಕ್ತಿದ್ರಿ? ನಿಜ ಹೇಳಿ."

"ನೀವು ಮೀನು ಪರೀಕ್ಷೆ ಮಾಡ್ತೀರಾ, ಎಣ್ಣೆ ಪರೀಕ್ಷೆ ಮಾಡ್ತೀರಾ. ಮುಚ್ಚಳ?"

ಒಂದು ಡಬ್ಬಿ ತೆರೆದು ಮುಚ್ಚಳ ತಿರುಗಿಸಿ ತೋರಿಸಿದ. ಒಳಗೆ ಬಿಳಿ ಮೇಣದಂಥ ಪದರ. ಡಬ್ಬಿ ತಣಿಯುವಾಗ ಗಟ್ಟಿಯಾಗಿ ಅಂಟಿದ್ದು!

ಅವಳು ಅದನ್ನು ಕೆರೆದು ಒಯ್ದು ಅಳೆದಳು. ಸ್ಟೆರಾಲೇ. ಕೂಡಿಸಿದರೆ ಲೆಕ್ಕ ಸರಿಹೋಯಿತು. ಶಾಖ ಏನನ್ನೂ ತಿಂದಿರಲಿಲ್ಲ.

ನೇರ ಮ್ಯಾನೇಜರ್ ಬಳಿ ಹೋಗಿ, "ತಪ್ಪು ನಂದು ಸಾರ್" ಎಂದಳು. ನಂತರ ಮತ್ತೆ ಅವನ ಮುಂದೆ ನಿಂತಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನಾಲ್ಕು ಜನರ ಮುಂದೆ ನಿಮ್ಮ ಪರೀಕ್ಷೆ ತಪ್ಪು ಅನ್ನೋಕೆ ಮನಸ್ಸು ಬರ್ಲಿಲ್ಲ. ಖಚಿತ ಮಾಡ್ಕೊಂಡು ನಿಮಗೊಬ್ರಿಗೇ ಹೇಳೋಣ ಅಂತ ಆ ಡಬ್ಬಿ ತಗೊಂಡಿದ್ದೆ. ಅಷ್ಟರಲ್ಲಿ ನೀವು ಬಂದು ಕಳ್ಳನ ಹಾಗೆ ಗದರಿಬಿಟ್ರಿ."

ಅವಳ ಕಣ್ಣು ತುಂಬಿ ಬಂತು.

"ನಾನು ಸಂಶಯದ ಪ್ರಾಣಿ. ನನ್ ಜೊತೆ ಏಗೋದು ಕಷ್ಟ…"

"ಸಂಶಯ ಬಂದ್ರೆ ನನ್ನನ್ನೇ ಕೇಳಿ. ಮ್ಯಾನೇಜರನ್ನ ಕೇಳ್ಬೇಡಿ, ಅಷ್ಟೇ."

"ಹಾಗಾದ್ರೆ ಒಂದು ಕೇಳ್ಲಾ?" ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಾನಂದ್ರೆ ಇಷ್ಟಾನಾ?"

ಅವನು ಅಂಟು ಮೆತ್ತಿದ ಕೈಗಳನ್ನು ಒರೆಸಿಕೊಂಡು ಎದ್ದು ನಿಂತ.

"ಇದನ್ನ ಮೊದ್ಲೇ ಕೇಳಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"